ತಲೆ ಸುತ್ತುವುದು ಎಲ್ಲ ಆಟಕ್ಕೂ ಅಲ್ಲ

ವಿಆರ್ ಹೆಡ್‌ಸೆಟ್ (ಕಣ್ಣಿಗೆ ಕಟ್ಟಿಕೊಂಡರೆ ಬೇರೆಯದೇ ಲೋಕದ ಒಳಗಿದ್ದೇವೆ ಅನ್ನಿಸುವ ಸಾಧನ) ಹಾಕಿದರೆ ಎಲ್ಲರಿಗೂ ತಲೆ ಸುತ್ತುತ್ತದೆ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ ಸರ್, ಅದನ್ನು ಪೂರ್ತಿ ಒಪ್ಪಲಾರೆ. ಹೋದ ತಿಂಗಳು ಮೆಟಾ ಕಂಪನಿಯ ಕ್ವೆಸ್ಟ್ 3 ಅನ್ನೋ ವಿಆರ್ ಹೆಡ್‌ಸೆಟ್ ತಗೊಂಡೆ. ವಿಜಯನಗರದ ನಮ್ಮ ಮನೆ ಹಾಲ್ ಚಿಕ್ಕದು, ಓಡಾಡಿಕೊಂಡು ಆಡಲು ಕಡಿಮೆ ಅಂದರೂ ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲ ಜಾಗ ಬೇಕು, ಅದಕ್ಕೆ ದಿನಾ ಸಂಜೆ ಟೀಪಾಯಿ ಎತ್ತಿ ಬಾಲ್ಕನಿಯಲ್ಲಿ ಇಡುತ್ತೇವೆ. ನಿಂತಲ್ಲೇ ಕೈ ಬೀಸುವ ಆಟಗಳಲ್ಲಿ ನನಗೆ ಚೂರೂ ತೊಂದರೆ ಆಗಲಿಲ್ಲ. ಕೈಯಲ್ಲಿರುವ ಕಂಟ್ರೋಲರ್ ಒತ್ತಿ ಓಡುವ ಆಟದಲ್ಲಿ ಮಾತ್ರ ಐದೇ ನಿಮಿಷಕ್ಕೆ ಹೊಟ್ಟೆ ತೊಳಸಿತು. ಕಣ್ಣು ಓಡುತ್ತಿದ್ದೇನೆ ಅನ್ನುತ್ತದೆ, ದೇಹದ ಸಮತೋಲನ ನೋಡಿಕೊಳ್ಳುವ ಒಳಗಿವಿ ನಿಂತಿದ್ದೇನೆ ಅನ್ನುತ್ತದೆ, ಅದೇ ಕಾರಣ. ಹಾಗಾದ ತಕ್ಷಣ ತೆಗೆದುಬಿಡಿ, ಹಟ ಮಾಡಿ ಆಡಬೇಡಿ.

ಹೆಡ್‌ಸೆಟ್ ತೂಕ 515 ಗ್ರಾಂ. ಮೇಲಿನ ಪಟ್ಟಿ ಸರಿಯಾಗಿ ಬಿಗಿ ಮಾಡಿದರೆ ಕೆನ್ನೆ ಮೇಲೆ ಭಾರ ಬೀಳಲ್ಲ. ಕನ್ನಡಕದವರಿಗೆ ಲೆನ್ಸ್ ಕಣ್ಣಿನಿಂದ ಸ್ವಲ್ಪ ದೂರ ಇರುವಂತೆ ಸರಿಸಿಕೊಳ್ಳಲು ವ್ಯವಸ್ಥೆ ಇದೆ, ನನಗಂತೂ ಅದು ತುಂಬಾ ಉಪಯೋಗ ಆಯಿತು.

ಅಮ್ಮನಿಗೆ ಸಮುದ್ರದೊಳಗಿನ ವಿಡಿಯೋ ಹಾಕಿಕೊಟ್ಟೆ. ಮೊದಲು ಬೇಡ ಬೇಡ ಅಂದರು. ಮೀನು ಹತ್ತಿರ ಬಂದಾಗ ಒಂದು ಕೈಯಲ್ಲಿ ಸೆರಗು ಹಿಡಿದು ಇನ್ನೊಂದು ಕೈ ಮೆಲ್ಲಗೆ ಮುಂದೆ ಚಾಚಿದರು, ಬಾಯಿ ತೆರೆದೇ ಇತ್ತು. ಅವರಿಗೂ ತಲೆ ಸುತ್ತಲಿಲ್ಲ. ಲೇಖನದಲ್ಲಿ ಇಂಥ ಆಟ, ಅಂಥ ಆಟ ಅಂತ ಬಿಡಿಸಿ ಬರೆದರೆ ಹೊಸಬರಿಗೆ ಅನುಕೂಲ, ಅಲ್ವಾ?