ಮೂರು ನಿಮಿಷ ಸ್ಟೀಪ್

ಸ್ಟೀಪ್ ಅಂದರೆ ಕಡಿದಾದ. ಹೈಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರು ಹೇಳಿಕೊಟ್ಟಿದ್ದು. ಪಶ್ಚಿಮ ಘಟ್ಟ ಕರಾವಳಿ ಕಡೆಗೆ ಸ್ಟೀಪ್, ಬಯಲುಸೀಮೆ ಕಡೆಗೆ ನಿಧಾನದ ಇಳಿಜಾರು. ಆ ಪದ ನನ್ನ ತಲೆಗಿಂತ ಮೊದಲು ಹೊಟ್ಟೆಗೆ ಅರ್ಥವಾಗಿತ್ತು. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳನ್ನು ಬಸ್ಸಿನ ಹಿಂದಿನ ಸೀಟಿನಲ್ಲಿ, ನಿಂಬೆಹಣ್ಣು ಮೂಸುತ್ತಾ ಇಳಿದವನಿಗೆ ಡಿಕ್ಷನರಿ ಬೇಕಾ? ಏಳನೇ ತಿರುವಿಗೇ ನಿಂಬೆಹಣ್ಣು ಕೈಕೊಟ್ಟಿತ್ತು.

ಆ ಧೈರ್ಯದಲ್ಲೇ ಮೊನ್ನೆ, ಭಾವಮೈದ ವಿದೇಶದಿಂದ ತಂದ ಟೀ ಬ್ಯಾಗಿನ ಡಬ್ಬಿ ಒಡೆದೆ. 'ಸ್ಟೀಪ್ ಫಾರ್ 3 ಮಿನಿಟ್ಸ್' ಅಂತಿತ್ತು. ಟೀ ಅಂಗಡಿಯವನು ಒಂದು ಲೋಟ ತಲೆ ಮೇಲೆ, ಇನ್ನೊಂದು ಸೊಂಟದ ಹತ್ತಿರ ಹಿಡಿದು ಮಾರುದ್ದ ಟೀ ಎಳೀತಾನಲ್ಲ, ಅದೇ ಇರಬೇಕು. ಕಡಿದಾಗಿ ಸುರಿ ಅಂತ. ಮೂರು ನಿಮಿಷ ಸುರಿಯೋದು ಸ್ವಲ್ಪ ಜಾಸ್ತಿ ಅನ್ನಿಸಿತು. ಇರಲಿ, ಅವರದ್ದೇನೋ ಲೆಕ್ಕ ಇರುತ್ತೆ.

ಕುದಿಯೋ ನೀರಿನ ಪಾತ್ರೆಯನ್ನು ಇಕ್ಕಳದಲ್ಲಿ ಹಿಡಿದು ಕೈ ಎತ್ತಿದೆ. ಮೊದಲ ಧಾರೆ ಸರಿಯಾಗಿ ಲೋಟಕ್ಕೇ ಬಿತ್ತು. ದಾರ, ಅದರ ತುದಿಯ ಚೀಟಿ ಎಲ್ಲ ಒಳಗೆ ಮುಳುಗಿದವು. ಎರಡನೆಯದು ಕಟ್ಟೆಯ ಮೇಲಿದ್ದ ಪೇಪರಿಗೆ. ಮೂರನೆಯದು ನನ್ನ ಕಾಲಿನ ಹೆಬ್ಬೆರಳಿಗೆ.

"ಏನ್ರೀ ಅದು, ಅಭಿಷೇಕ?" ಅಂದಳು ಹೆಂಡತಿ.

ಮಗಳು ಡಬ್ಬಿ ನೋಡಿದಳು. "ಅಪ್ಪಾ, ಇಲ್ಲಿ ಸ್ಟೀಪ್ ಅಂದ್ರೆ ನೆನೆಹಾಕೋದು."

ನೆನೆಹಾಕೋದಾ? ಕಡಲೆಕಾಳಿಗೆ ಮಾಡೋ ಕೆಲಸಕ್ಕೂ ಆಗುಂಬೆಗೂ ಏನು ಸಂಬಂಧ?

"ಬೆಲೆ ಜಾಸ್ತಿ ಅನ್ನೋಕೂ ಸ್ಟೀಪ್ ಅಂತಾರೆ" ಅಂದಳು. ಅದು ಒಪ್ಪೋ ಮಾತೇ. ನಮ್ಮಲ್ಲೂ ಬೆಲೆ ಏರುತ್ತೆ, ಟೊಮ್ಯಾಟೊದ್ದಂತೂ ಗಗನಕ್ಕೇ ಹೋಗುತ್ತೆ.

ಆದರೆ ಲರ್ನಿಂಗ್ ಕರ್ವ್ ವಿಷಯ ಬಂದಾಗ ಬೆರಳಿನ ಉರಿಯೂ ಮರೆತುಹೋಯಿತು. ಆಫೀಸಿನಲ್ಲಿ ಹೊಸ ಸಾಫ್ಟ್‌ವೇರ್ ಬಂದಾಗಲೆಲ್ಲ 'ಕರ್ವ್ ತುಂಬಾ ಸ್ಟೀಪ್ ಸಾರ್' ಅಂತ ನಾನೂ ನಿಟ್ಟುಸಿರು ಬಿಟ್ಟವನೇ. ಮಗಳು ಒದ್ದೆ ಪೇಪರಿನ ಅಂಚಿನಲ್ಲೇ ಗ್ರಾಫ್ ಬರೆದಳು. ಅಡ್ಡಕ್ಕೆ ದಿನ, ಉದ್ದಕ್ಕೆ ಕಲಿತದ್ದು. ಗೆರೆ ಕಡಿದಾಗಿದ್ದರೆ ಬೇಗ ಕಲಿತ ಅಂತ ಅರ್ಥ! ಜನ ಎಲ್ಲ 'ಕಷ್ಟ' ಅಂತಲೇ ಬಳಸುತ್ತಾರೆ, ಅದು ಬೇರೆ. ಗ್ರಾಫಿನ ಲೆಕ್ಕದಲ್ಲಿ ಮಾತ್ರ ನಾನು ಇಷ್ಟು ವರ್ಷ ಗೋಳು ಹೇಳಿಕೊಳ್ಳುತ್ತಾ ನನ್ನನ್ನೇ ಹೊಗಳಿಕೊಂಡಿದ್ದೆ. ಇನ್‌ಕ್ರಿಮೆಂಟ್ ನೋಡಿದರೆ ಮಾತ್ರ ಬಯಲುಸೀಮೆ ಕಡೆಯ ಇಳಿಜಾರು.

ಕೊನೆಗೆ ಹೆಬ್ಬೆರಳನ್ನು ತಣ್ಣೀರಿನ ಬಕೆಟ್ಟಿನಲ್ಲಿ ಸ್ಟೀಪ್ ಮಾಡಿ ಕೂತೆ. ಡಬ್ಬಿಯ ಪ್ರಕಾರ 3 ನಿಮಿಷ. ಸುಟ್ಟಿದ್ದಕ್ಕೆ 20 ಬೇಕು ಅಂದಳು ಮಗಳು.