ಬಾಬಿನ್ನಿನಲ್ಲಿ ಉಳಿದ ದಾರ

ಹೊಲಿಗೆ ಯಂತ್ರದ ಮೇಲಿನ ರೀಲು ಮತ್ತು ಅಡಿದಾರ ಸುತ್ತಿಡುವ ಕೆಳಗಿನ ಪುಟ್ಟ ಬಾಬಿನ್ ಒಂದೇ ಗಳಿಗೆಯಲ್ಲಿ ಖಾಲಿಯಾದದ್ದನ್ನು ಕಂಡವರು ಯಾರಾದರೂ ಇದ್ದರೆ ಅವರನ್ನು ಕರೆದು ಶಾಲು ಹೊದಿಸಿ ಸನ್ಮಾನಿಸಬೇಕು. ರೀಲಿನ ದಾರ ಕಣ್ಣೆದುರೇ ಕರಗುತ್ತದೆ. ಬಾಬಿನ್ನಾದರೋ ಉಕ್ಕಿನ ಕೇಸಿನೊಳಗೆ, ತಗಡಿನ ಮರೆಯಲ್ಲಿ ಕುಳಿತು ತನ್ನ ಬಡತನವನ್ನು ಯಾರಿಗೂ ಹೇಳದೆ ಮುಗಿದುಹೋಗುತ್ತದೆ. ಅದನ್ನರಿಯದ ಕಾಲು ಪೆಡಲನ್ನು ತುಳಿಯುತ್ತಲೇ ಇರುತ್ತದೆ, ಸೂಜಿ ತೂತು ಹೊಡೆಯುತ್ತಲೇ ಇರುತ್ತದೆ. ಕೊನೆಗೆ ರವಿಕೆಯ ತೋಳನ್ನು ಎತ್ತಿ ನೋಡಿದರೆ ಗೇಣುದ್ದದ ಹೊಲಿಗೆ ಹಾಗೆಯೇ ಕೈಗೆ ಕಳಚಿ ಬರುತ್ತದೆ.

ಕೆಳಗೂ ಒಂದು ದೊಡ್ಡ ರೀಲನ್ನೇ ಇಟ್ಟಿದ್ದರೆ ಈ ತಾಪತ್ರಯವೇ ಇರುತ್ತಿರಲಿಲ್ಲವಲ್ಲ ಎಂದು ಯಾರಿಗಾದರೂ ಅನಿಸುತ್ತದೆ. ಆದರೆ 1846ರಲ್ಲಿ ಅಮೆರಿಕದ ಎಲಿಯಾಸ್ ಹೋವ್ ಪೇಟೆಂಟ್ ಪಡೆದ ಯಂತ್ರದಿಂದ ಹಿಡಿದು ನಮ್ಮ ಮನೆಗಳ ಕಪ್ಪು ಬಣ್ಣದ ಕಾಲು ಮಿಷಿನ್ನಿನವರೆಗೆ ಲಾಕ್ ಸ್ಟಿಚ್ಚಿನ, ಅಂದರೆ ಮೇಲಿನ ಮತ್ತು ಕೆಳಗಿನ ದಾರಗಳು ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುವ ಹೊಲಿಗೆಯ, ಮರ್ಮ ಒಂದೇ: ಸೂಜಿ ಕೆಳಗಿಳಿದು ಮೇಲೇಳುವಾಗ ಅದರ ದಾರ ಸಣ್ಣದೊಂದು ಕುಣಿಕೆಯಾಗುತ್ತದೆ, ಕೆಳಗಿನ ದಾರದ ಇಡೀ ದಾಸ್ತಾನು ಆ ಕುಣಿಕೆಯೊಳಗಿಂದ ಹಾದುಹೋಗಬೇಕು, ಅದೂ ಒಂದೊಂದು ಹೊಲಿಗೆಗೂ. ಹೀಗಿರುವಾಗ ದಾಸ್ತಾನು ಪುಟ್ಟದಾಗಿರಲೇಬೇಕು. ಬಾಬಿನ್ನೇ ಬೇಡದ ಹೊಲಿಗೆಯೂ ಇದೆ, ಇಲ್ಲವೆಂದಲ್ಲ. ಅಕ್ಕಿ ಮೂಟೆಯ ಬಾಯಿಗೆ ಹಾಕಿರುವುದು ಆ ಸರಪಳಿ ಹೊಲಿಗೆಯೇ. ಸರಿಯಾದ ತುದಿ ಹಿಡಿದು ಎಳೆದರೆ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುತ್ತದೆ. ಮೂಟೆಗೆ ಅದು ಗುಣ, ರವಿಕೆಗೆ ಮಾನಭಂಗ.

ಬಾಬಿನ್ ಸುತ್ತುವುದಕ್ಕೂ ತಾಳ್ಮೆ ಬೇಕು. ಗಾಲಿಯ ನಡುವಿನ ದುಂಡು ತಿರುಪನ್ನು ಸಡಿಲಿಸಿ ಸೂಜಿಗೆ ವಿರಾಮ ಕೊಟ್ಟು, ಬಾಬಿನ್ನನ್ನು ಸುತ್ತುವ ಕಡ್ಡಿಗೆ ಸಿಕ್ಕಿಸಿ, ಪಕ್ಕದ ರಬ್ಬರ್ ಉಂಗುರ ಗಾಲಿಗೆ ಒತ್ತುವಂತೆ ತಳ್ಳಿ ತುಳಿದರೆ ದಾರ ಸರಸರನೆ ತುಂಬುತ್ತದೆ. ಬಿಗಿಯಿಲ್ಲದೆ ಸುತ್ತಿದ ದಾರ ಒಂದೇ ಬದಿಗೆ ಗುಡ್ಡೆಯಾಗಿ ಕುಳಿತು, ಹೊಲಿಯುವಾಗ ಕುಸಿದು, ಬಟ್ಟೆಯ ಅಡಿಯಲ್ಲಿ ಗೋಜಲಾಗುತ್ತದೆ. ತುಂಬಿದ ಬಾಬಿನ್ನನ್ನು ಕೇಸಿಗೆ ಹಾಕಿ, ದಾರದ ತುದಿ ಹಿಡಿದು ತೂಗುಬಿಟ್ಟು, ಕೈಯನ್ನು ಮೆಲ್ಲನೆ ಕುಲುಕಿದಾಗ ಕೇಸು ಒಂದಿಷ್ಟೇ ಇಳಿದು ನಿಲ್ಲಬೇಕು. ಸರ್ರನೆ ಜಾರಿದರೆ ಅದರ ಪುಟ್ಟ ತಿರುಪನ್ನು ಕೂದಲೆಳೆಯಷ್ಟು ಬಿಗಿಮಾಡಬೇಕು. ಇಲ್ಲವಾದರೆ ಮೇಲಿನ ದಾರಕ್ಕೂ ಕೆಳಗಿನ ದಾರಕ್ಕೂ ಎತ್ತು ಏರಿಗೆ, ಕೋಣ ನೀರಿಗೆ.

ಇಷ್ಟು ಕಷ್ಟಪಟ್ಟು ಸುತ್ತಿದ ದಾರ ಕೆಲಸ ಮುಗಿದ ಮೇಲೂ ಉಳಿಯುತ್ತದೆ. ಮ್ಯಾಚಿಂಗ್ ಸೆಂಟರಿನವರು ಬಟ್ಟೆಯ ತುಣುಕನ್ನು ಬಾಗಿಲ ಬೆಳಕಿಗೆ ಹಿಡಿದು, ಮೂರು ರೀಲುಗಳನ್ನು ಅದರ ಮೇಲಿಟ್ಟು, ಎರಡನ್ನು ತಳ್ಳಿ ಆರಿಸಿಕೊಟ್ಟ ರಾಣಿ ಬಣ್ಣ ಅದು; ಬಿಚ್ಚಿ ಎಸೆಯಲು ಮನಸ್ಸು ಬಾರದು, ಅದೇ ಬಣ್ಣದ ರವಿಕೆ ಮತ್ತೆ ಯಾವಾಗ ಬರುವುದೋ ಹೇಳಲಾಗದು. ಆಗ ಹುಟ್ಟುವುದೇ ಅದರ ಮೇಲೆಯೇ ಗಿಳಿಹಸಿರನ್ನು ಸುತ್ತಿಬಿಡುವ ದುರ್ಬುದ್ಧಿ. ಹಾಗೆ ಸುತ್ತಿದರೆ ಹಸಿರಿಗೆ ಸಿಗುವುದು ಅರ್ಧ ಜಾಗ ಮಾತ್ರ. ಅದು ಹೊಲಿಗೆಯ ನಡುವೆ ಮುಗಿಯುತ್ತದೆ, ಅಡಿಯಲ್ಲಿದ್ದ ರಾಣಿ ಬಣ್ಣವಂತೂ ಅಲ್ಲಿಯವರೆಗೆ ಕೈಗೆ ಸಿಗದಂತೆ ಹೂತುಹೋಗಿರುತ್ತದೆ.

ಉಳಿಕೆ ದಾರಕ್ಕೆ ಒಳ್ಳೆಯ ಗತಿಗಳು ಬೇಕಾದಷ್ಟಿವೆ. ದಿಂಬಿನ ಒಳಗವಸಿನ ಹೊಲಿಗೆಯನ್ನು, ಲಂಗದ ಒಳಮಡಿಕೆಯನ್ನು, ಮಸಿಬಟ್ಟೆಯ ಅಂಚನ್ನು ಬಣ್ಣ ಕೂಡಲಿಲ್ಲವೆಂದು ಯಾರೂ ತಿರುಗಿಸಿ ನೋಡುವುದಿಲ್ಲ. ಕಚ್ಚಾ ಹೊಲಿಗೆಗಂತೂ ಬಟ್ಟೆಗೆ ಒಪ್ಪದ ಬಣ್ಣವೇ ಮೇಲು, ಬಿಚ್ಚುವಾಗ ಎಳೆ ಕಣ್ಣಿಗೆ ಹೊಡೆದು ಕಾಣುತ್ತದೆ. ನನಗೆ ಎಲ್ಲಕ್ಕಿಂತ ಪ್ರಿಯವಾದುದು ಮಗುವಿನ ಫ್ರಾಕಿಗೆ ನಿರಿಗೆ ಹಿಡಿಯುವ ಉಪಾಯ: ಉದ್ದುದ್ದ ಹೊಲಿಗೆ ಹಾಕಿ ಕೆಳಗಿನ ದಾರವನ್ನು ಎಳೆಯುವಾಗ, ಬಾಬಿನ್ನಿನಲ್ಲಿ ಬೇರೆ ಬಣ್ಣವಿದ್ದರೆ ಯಾವ ತುದಿಯನ್ನು ಎಳೆಯಬೇಕೆಂಬ ಗೊಂದಲವೇ ಇರುವುದಿಲ್ಲ.

ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿಗಳ ಗಾರ್ಮೆಂಟ್ಸ್ ಕಾರ್ಖಾನೆಗಳ ಮಿಷಿನ್ನುಗಳಲ್ಲಿ ಒಂದು ಬಾಬಿನ್ ಹೊಲಿಯುತ್ತಿರುವಾಗಲೇ ಪಕ್ಕದಲ್ಲಿ ಇನ್ನೊಂದು ಅದೇ ಬಣ್ಣದ್ದು ತುಂಬಿಕೊಳ್ಳುತ್ತಿರುತ್ತದೆ. ಮನೆಯಲ್ಲಿ ಹೊಲಿಯುವವರಿಗೆ ಆ ಭಾಗ್ಯವಿಲ್ಲ; ಇಲ್ಲಿ ಸೋಮವಾರ ಸೀರೆಯ ಫಾಲ್, ಮಂಗಳವಾರ ಶಾಲೆಯ ಯೂನಿಫಾರ್ಮು. ಹೀಗಾಗಿ ಬಿಸ್ಕತ್ತಿನ ಡಬ್ಬಿಯ ತುಂಬ ಅರ್ಧಂಬರ್ಧ ಬಾಬಿನ್ನುಗಳು, ತುದಿಗೆ ತುದಿ ಸಿಕ್ಕಿಕೊಂಡು, ಒಂದನ್ನೆತ್ತಿದರೆ ನಾಲ್ಕು ಮೇಲೆ ಬರುತ್ತವೆ. ಪಾರದರ್ಶಕ ಪೈಪನ್ನು ಸಣ್ಣ ಉಂಗುರಗಳಾಗಿ ಕತ್ತರಿಸಿ, ಒಂದು ಕಡೆ ಸೀಳಿ, ಬಾಬಿನ್ನಿಗೆ ತೊಡಿಸಿದರೆ ದಾರ ಬಿಚ್ಚಿಕೊಳ್ಳುವುದಿಲ್ಲ, ಬಣ್ಣವೂ ಕಾಣುತ್ತದೆ. ಆದರೆ ನಿಜವಾದ ಕೊರತೆ ಇರುವುದು ದಾರದ್ದಲ್ಲ, ಖಾಲಿ ಬಾಬಿನ್ನಿನದು. ನಾಲ್ಕು ಮಾರು ದಾರವನ್ನು ಉಳಿಸಲು ಅದಕ್ಕಿಂತ ಬೆಲೆಯುಳ್ಳ ಬಾಬಿನ್ನನ್ನು ವರ್ಷಗಟ್ಟಲೆ ಸೆರೆಯಲ್ಲಿಡುವುದು ಎಂಥ ಮಿತವ್ಯಯವೋ! ಅದರ ಬದಲು ಇನ್ನೊಂದು ಡಜನ್ ಬಾಬಿನ್ ಕೊಳ್ಳುವುದೇ ಜಾಣತನವೆಂದು ನಾನು ಎಂದೋ ತೀರ್ಮಾನಿಸಿದ್ದೇನೆ. ಕಾರ್ಖಾನೆ ಮಿಷಿನ್ನಿನ ತೆಳು ಬಾಬಿನ್ ಮನೆಯದಕ್ಕೆ ಹೊಂದುವುದಿಲ್ಲವಾದ್ದರಿಂದ ಅಂಗಡಿಗೆ ಮಾದರಿಗೊಂದನ್ನು ಒಯ್ಯಬೇಕು. ಖಾಲಿಯದು ಇಲ್ಲದೆ ರಾಣಿ ಬಣ್ಣದ್ದನ್ನೇ ಒಯ್ದರೆ, ಅಂಗಡಿಯವರು ಬಾಬಿನ್ನನ್ನು ನೋಡದೆ ಅದರ ದಾರವನ್ನು ನೋಡಿ, ಅದೇ ಬಣ್ಣದ ಹೊಸ ರೀಲೊಂದನ್ನು ತೆಗೆದು ಮುಂದಿಡುತ್ತಾರೆ.