ಸತುವಿನ ಆಕ್ಸೈಡ್ ಮತ್ತು ಎಲ್‌ಇಡಿ ದೀಪ: ಒಂದು ಸ್ಪಷ್ಟನೆ

‘ಸತುವಿನ ಆಕ್ಸೈಡ್ ಪುಡಿಯನ್ನು ಕೊಳಕು ನೀರಿಗೆ ಬೆರೆಸಿ ಸಾಮಾನ್ಯ ಎಲ್‌ಇಡಿ ದೀಪದ ಕೆಳಗಿಟ್ಟರೆ ನೀರು ಶುದ್ಧವಾಗುತ್ತದೆ’ ಎಂಬ ಸಂದೇಶ ಹರಿದಾಡುತ್ತಿದೆ. ಮೆಥಿಲೀನ್ ನೀಲಿ ಎಂಬ ಬಣ್ಣ ಬೆರೆಸಿದ ನೀರು ತಿಳಿಯಾಗುವ ಚಿತ್ರಗಳೂ ಜೊತೆಗಿವೆ. ಈ ಮಾತು ಸರಿಯಲ್ಲ.

ಸತುವಿನ ಆಕ್ಸೈಡ್ ಬೆಳಕನ್ನು ಹೀರಿದಾಗ ಅದರೊಳಗಿನ ಎಲೆಕ್ಟ್ರಾನ್ ಮೇಲಿನ ಶಕ್ತಿಮಟ್ಟಕ್ಕೆ ಜಿಗಿಯುತ್ತದೆ, ಬಿಟ್ಟ ಜಾಗದಲ್ಲಿ ‘ರಂಧ್ರ’ ಉಳಿಯುತ್ತದೆ. ಕೊಳೆಯನ್ನು ಒಡೆಯುವ ಕೆಲಸ ಶುರುವಾಗುವುದು ಇವೆರಡರಿಂದ. ಈ ಜಿಗಿತಕ್ಕೆ ಬೇಕಾದ ಕನಿಷ್ಠ ಶಕ್ತಿ, ಅಂದರೆ ಶಕ್ತಿ ಅಂತರ, ಸುಮಾರು 3.3 ಎಲೆಕ್ಟ್ರಾನ್ ವೋಲ್ಟ್ (ಅತಿ ಸಣ್ಣ ಶಕ್ತಿಯ ಅಳತೆ). ತರಂಗಾಂತರ ಕಡಿಮೆಯಾದಷ್ಟೂ ಬೆಳಕಿನ ಶಕ್ತಿ ಹೆಚ್ಚು. ಅಂದರೆ ಈ ಪುಡಿಯನ್ನು ಕೆಲಸಕ್ಕೆ ಹಚ್ಚಲು ಸುಮಾರು 380 ನ್ಯಾನೋಮೀಟರ್‌ಗಿಂತ ಕಡಿಮೆ ತರಂಗಾಂತರದ ನೇರಳಾತೀತ ಕಿರಣಗಳೇ ಬೇಕು. ಕಣ್ಣಿಗೆ ಕಾಣುವ ಬೆಳಕನ್ನು ಅದು ಹೀರುವುದಿಲ್ಲ. ಪುಡಿ ಅಚ್ಚ ಬಿಳಿಯಾಗಿರುವುದೇ ಸಾಕ್ಷಿ. ಬಿಸಿಲಿನಲ್ಲಿ ನೇರಳಾತೀತದ ಪಾಲು ಶೇ 5ರ ಆಸುಪಾಸು, ಸಾಮಾನ್ಯ ಬಿಳಿ ಎಲ್‌ಇಡಿಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ.

ಹಾಗೆಂದು ದಾರಿಯೇ ಇಲ್ಲವೆಂದಲ್ಲ. ಸಾರಜನಕ ಸೇರಿಸಿ, ಬೆಳ್ಳಿಯ ನ್ಯಾನೋಕಣ ಕೂರಿಸಿ ಅಥವಾ ಕ್ಯಾಡ್ಮಿಯಂ ಸಲ್ಫೈಡ್‌ನಂಥ ವಸ್ತುವಿನೊಂದಿಗೆ ಜೋಡಿಸಿ ಕಾಣುವ ಬೆಳಕಿಗೂ ಸ್ಪಂದಿಸುವಂತೆ ಮಾಡಬಹುದು. ಆದರೆ ಬೆರಕೆ ಅತಿಯಾದರೆ ಎಲೆಕ್ಟ್ರಾನ್ ಮತ್ತು ರಂಧ್ರಗಳು ಉಪಯೋಗಕ್ಕೆ ಬರುವ ಮೊದಲೇ ಮತ್ತೆ ಕೂಡಿಕೊಳ್ಳುತ್ತವೆ. ಪುಡಿ ಹಳದಿಗೆ ತಿರುಗಿತೆಂದ, ಅಂದರೆ ಕಾಣುವ ಬೆಳಕನ್ನು ಹೀರತೊಡಗಿತೆಂದ ಮಾತ್ರಕ್ಕೆ ಗೆದ್ದಂತಲ್ಲ.

ಇನ್ನು ಆ ಚಿತ್ರಗಳು. ಮೆಥಿಲೀನ್ ನೀಲಿ ತಾನೇ ಕಾಣುವ ಬೆಳಕನ್ನು ಹೀರುತ್ತದೆ, ಪುಡಿಗೂ ಅಂಟಿಕೊಳ್ಳುತ್ತದೆ. ಹೀಗಾಗಿ ಪುಡಿ ಬೆಳಕಿನಿಂದ ಕೆಲಸ ಮಾಡದಿದ್ದರೂ ನೀರು ತಿಳಿಯಾಗಿ ಕಾಣಬಹುದು. ಬಣ್ಣ ಹೋಗುವುದು ಬೇರೆ, ಮಾಲಿನ್ಯ ಹೋಗುವುದು ಬೇರೆ. ಕತ್ತಲಲ್ಲಿಟ್ಟ ಇನ್ನೊಂದು ಪಾತ್ರೆಯೊಂದಿಗೆ ಹೋಲಿಸದೆ, ನೀರಿನಲ್ಲಿ ಉಳಿದ ಒಟ್ಟು ಸಾವಯವ ಇಂಗಾಲವನ್ನು (ಸಾವಯವ ಕೊಳೆ ಎಷ್ಟು ಉಳಿದಿದೆ ಎಂಬುದರ ಅಳತೆ) ಅಳೆಯದೆ ಏನನ್ನೂ ಹೇಳಲಾಗದು. ಆಮ್ಲೀಯ ನೀರಿನಲ್ಲಂತೂ ಪುಡಿಯೇ ಕರಗಿ ಸತುವು ನೀರಿಗೆ ಸೇರುತ್ತದೆ.

ಕುಡಿಯುವ ನೀರಿನ ಮೇಲೆ ಇದನ್ನು ಪ್ರಯೋಗಿಸಬೇಡಿ. ಆ ಸಂದೇಶ ನಿಮಗೂ ಬಂದಿದ್ದರೆ ದಯವಿಟ್ಟು ಮುಂದಕ್ಕೆ ಕಳುಹಿಸಬೇಡಿ.